ಸಮರ್ಕಂದ್‌ನಲ್ಲಿ ಅಷ್ಟು ದೊಡ್ಡ ಯಂತ್ರ ಬೇಕಿತ್ತಾ?

ಹಳೇಕೋಟೆ: ದೊರೆ ಉಲುಗ್ ಬೇಗ್ 1420ರ ದಶಕದಲ್ಲಿ ಈಗಿನ ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ಕಟ್ಟಿಸಿದ ವೀಕ್ಷಣಾಲಯದಲ್ಲಿ ಸೂರ್ಯನ ಎತ್ತರ ಅಳೆಯುವ ಕಮಾನಿಗೆ ಸುಮಾರು 40 ಮೀಟರ್ ತ್ರಿಜ್ಯ. ನನಗಂತೂ ಇದು ದೊರೆಯ ದೊಡ್ಡಸ್ತಿಕೆ ಅನ್ನಿಸುತ್ತದೆ. ದುರ್ಬೀನೇ ಇಲ್ಲದ ಕಾಲ, ಯಂತ್ರ ಎಷ್ಟು ದೊಡ್ಡದಾದರೇನು?

ಗ್ರಹಗತಿ: ಅದು ಕಣ್ಣಿಟ್ಟು ನೋಡುವ ಯಂತ್ರವೇ ಅಲ್ಲ. ಕತ್ತಲೆ ಜಾಗ, ಮೇಲೊಂದು ಸಣ್ಣ ಕಿಂಡಿ, ನಡು ಮಧ್ಯಾಹ್ನ ಸೂರ್ಯನ ಬಿಂಬ ಕೆಳಗಿನ ಕಮಾನಿನ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಅಳತೆ ಓದಿಕೊಳ್ಳುತ್ತಿದ್ದರು. 40 ಮೀಟರ್ ತ್ರಿಜ್ಯದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 70 ಸೆಂಟಿಮೀಟರ್. ಅದರ ಅರವತ್ತನೇ ಪಾಲಿಗೂ (ಕೋನದ ಅಳತೆಯಲ್ಲಿ ಇದೇ ಒಂದು ನಿಮಿಷ, ನಿಮಿಷದ ಅರವತ್ತನೇ ಪಾಲು ಒಂದು ಸೆಕೆಂಡ್) ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಸಿಗುತ್ತದೆ. ಒಂದು ಮೀಟರ್ ಯಂತ್ರದಲ್ಲಿ ಅದೇ ಪಾಲು 0.3 ಮಿಲಿಮೀಟರ್ ಕೂಡ ಇರುವುದಿಲ್ಲ, ಗೆರೆ ಕೊರೆಯುವುದಾದರೂ ಹೇಗೆ?

ಅಡಿಪಾಯ: ಲೆಕ್ಕ ಸರಿ, ಆದರೆ ದೊಡ್ಡದು ಕಟ್ಟಿದ ಮಾತ್ರಕ್ಕೆ ನಿಖರತೆ ಬರುವುದಿಲ್ಲ ಸರ್. ಈಗಿನ ಟೆಹ್ರಾನ್ ಪಕ್ಕದ ರೇ ಊರಿನಲ್ಲಿ ಅಲ್-ಖುಜಂದಿ ಎಂಬ ಖಗೋಳಜ್ಞ ಇದೇ ಬಗೆಯ ಯಂತ್ರವನ್ನು ಸುಮಾರು 20 ಮೀಟರ್ ತ್ರಿಜ್ಯಕ್ಕೆ ಕಟ್ಟಿದ್ದ. 994ರಲ್ಲಿ ಅಳೆದು ಸೂರ್ಯನ ದಾರಿಯ ಓರೆ, ಅಂದರೆ ಈಗ ನಾವು ಭೂಮಿಯ ಅಕ್ಷದ ಓರೆ ಅನ್ನುವುದು, 23 ಡಿಗ್ರಿ 32 ನಿಮಿಷ 19 ಸೆಕೆಂಡ್ ಎಂದ. ಆಗ ನಿಜವಾಗಿ ಇದ್ದದ್ದು ಸುಮಾರು 23 ಡಿಗ್ರಿ 34 ನಿಮಿಷ. ಕಿಂಡಿ ಒಂದು ಗೇಣಿನಷ್ಟು ಕುಸಿದಿತ್ತಂತೆ! ಖುಜಂದಿಯೇ ಇದನ್ನು ಹೇಳಿದ ಎಂದು ಆ ಕಾಲದ ವಿದ್ವಾಂಸ ಅಲ್-ಬಿರೂನಿ ಬರೆದಿದ್ದಾನೆ.

ಹಳೇಕೋಟೆ: ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ? ಗಾತ್ರ ಹೆಚ್ಚಿದಷ್ಟೂ ತೊಂದರೆ ಜಾಸ್ತಿ.

ಗ್ರಹಗತಿ: ತೊಂದರೆಗೆ ಪರಿಹಾರವೂ ಇತ್ತು. ಸಮರ್ಕಂದ್‌ನಲ್ಲಿ ಕಮಾನಿನ ಕೆಳಭಾಗವನ್ನು ಗುಡ್ಡದ ಬಂಡೆ ಕೊರೆದು ಒಳಗೇ ಕೂರಿಸಿದರು. ಮೇಲಿನ ಕಟ್ಟಡ ಹಾಳಾಗಿ ಹೋದರೂ ಆ ಭಾಗ ಉಳಿದು 1908ರಲ್ಲಿ ಅಗೆದಾಗ ಸಿಕ್ಕಿತು. ಅಲ್ಲಿ ಬಂದ ಓರೆ 23 ಡಿಗ್ರಿ 30 ನಿಮಿಷ 17 ಸೆಕೆಂಡ್. ಆ ಕಾಲದ ಓರೆಗೆ ಈಗಿನವರು ಹಾಕುವ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಅರ್ಧ ನಿಮಿಷದಷ್ಟೇ. ಖುಜಂದಿಯ ತಪ್ಪಿನ ಕಾಲು ಭಾಗ!

ಹಳೇಕೋಟೆ: ಆದರೂ ಇಷ್ಟೆಲ್ಲ ಖರ್ಚು ಸೂರ್ಯನಿಗೊಬ್ಬನಿಗೇ? ಉಲುಗ್ ಬೇಗ್‌ನ ಹೆಸರು ಉಳಿದಿರುವುದು 1437ರ ನಕ್ಷತ್ರಪಟ್ಟಿಯಿಂದ, ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ಅವುಗಳಿಗೆ ಬೇರೆ ಯಂತ್ರ ಬೇಕೇ ಬೇಕು.

ಅಡಿಪಾಯ: ಬೇರೆ ಯಂತ್ರ ಬೇಕು, ಒಪ್ಪಿದೆ. ಆದರೆ ಆ ನಕ್ಷತ್ರಗಳ ಜಾಗ ಗುರುತಿಸುವುದೇ ಸೂರ್ಯನ ದಾರಿಯಿಂದ. ಆ ದಾರಿಯ ಓರೆ ತಪ್ಪಿದರೆ ಪಟ್ಟಿಗೂ ತಪ್ಪು ನುಗ್ಗುತ್ತದೆ. ಇನ್ನೊಂದು ಮಾತು. ಭಾರತದವರು 24 ಡಿಗ್ರಿ, ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿ 23 ಡಿಗ್ರಿ 51 ನಿಮಿಷ ಅಂದಿದ್ದನ್ನು ತನ್ನ ಅಳತೆಯ ಜೊತೆ ಇಟ್ಟು ನೋಡಿ, ಓರೆ ಕಾಲ ಕಳೆದಂತೆ ಕಮ್ಮಿಯಾಗುತ್ತಿದೆ ಎಂದು ಖುಜಂದಿ ಹೇಳಿದ. ನಿಜವಾಗಿಯೂ ಕಮ್ಮಿಯಾಗುತ್ತಿದೆ, ನೂರು ವರ್ಷಕ್ಕೆ ಸುಮಾರು 47 ಸೆಕೆಂಡ್. ಇಷ್ಟು ಸಣ್ಣ ಬದಲಾವಣೆ ಹಿಡಿಯಬೇಕಾದರೆ ಗೋಡೆಯಷ್ಟು ದೊಡ್ಡ ಅಳತೆಪಟ್ಟಿ ಬೇಡವೇ?

ಗ್ರಹಗತಿ: ಜೈಪುರಕ್ಕೆ ಹೋದರೆ ಜಂತರ್ ಮಂತರ್‌ನ ಷಷ್ಠಾಂಶ ಯಂತ್ರ ನೋಡಿ. ಕತ್ತಲೆ ಕೋಣೆ, ಕಿಂಡಿ, ಕಮಾನು, ಎಲ್ಲವೂ ಇದೇ ಉಪಾಯ.