ಬೀಪ್ ಅಂದಮ್ಯಾಲೆ ಹತ್ತಬ್ಯಾಡ್ರಿ

ಹಲೋ ಗಿರಿಜಾ, ದೊಡ್ಡವ್ವ ಮಾತಾಡಾಕತ್ತೀನಿ, ಕೊಪ್ಪಳದಿಂದ. ನಿನ್ನ ಮೆಸೇಜ್ ಸಣ್ಣಾಕಿ ಓದಿ ಹೇಳಿದ್ಲು. ಆದಿತ್ಯವಾರ ಹುಡುಗ್ರನ್ನ ಮೆಟ್ರೋದಾಗ ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕ ಕರಕೊಂಡು ಹೋಗಬೇಕಂದೀವಿ, ಗದ್ದಲ ಭಾಳ ಅಂತಾರ, ಹೋಗೂದೋ ಬ್ಯಾಡೋ ಅಂತ ಕೇಳೀದಿ. ಹೋಗ್ರಿ ಯವ್ವಾ. ಊರು ಬಿಟ್ಟು ಆರು ತಿಂಗಳಾತು, ಆ ದಾಸರಹಳ್ಳಿ ರೂಮಿನ್ಯಾಗ ಅವು ಎಷ್ಟಂತ ಟಿವಿ ನೋಡ್ತಾವು? ಆದ್ರ ಒಂದ ಮಾತು. ಬಾಗಿಲಾ ಬೀಪ್ ಬೀಪ್ ಅನ್ನಾಕತ್ತಿದ ಮ್ಯಾಲೆ ಹತ್ತಬ್ಯಾಡ್ರಿ.

ಮೆಜೆಸ್ಟಿಕ್‌ನ್ಯಾಗ ನನಗಾದದ್ದು ನಿಮಗೆಲ್ಲಾ ಗೊತ್ತೈತಿ, ಆದ್ರೂ ಹೇಳ್ತೀನಿ. ನೇರಳೆ ಮಾರ್ಗದ ಮೆಟ್ರೋ ಗಾಡಿ ಇಳಿದು ಹಸಿರು ಮಾರ್ಗದ ಗಾಡಿಗೆ ಬಂದ್ವಿ. ಮೊಮ್ಮಗ ಆರು ವರ್ಷದಾಂವ, ಸೆರಗು ಬಿಟ್ಟಾಂವನ ಮಂದಿ ಕಾಲಾಗ ತೂರಿ ಒಳಗ ಹೋದ. ನಾ ಚೀಲ ಎತ್ತೂದ್ರಾಗ ಬೀಪ್ ಅಂತು, ಮುಚ್ಚಿತು. ಗಾಜಿನ ಆಕಡೆ ಅಂವ, ಈಕಡೆ ನಾ. ಬಾಯಿ ತೆಗದು ಅಳಾಕತ್ತಾನ, ದನಿ ಕೇಳವಲ್ದು. ನಮ್ಮ ಬಸ್ಸಾದ್ರ ತಗಡು ಬಡದ್ರ ಡ್ರೈವರ್ ನಿಂದ್ರಸ್ತಾನ, ಗವಿಮಠದ ಜಾತ್ರ್ಯಾಗಾದ್ರ ಮೈಕಿನ್ಯಾಗ ಕೂಗಸ್ತಾರ. ಅದು ಹೋಗೇಬಿಡ್ತು. ಯಾರೋ ಪುಣ್ಯಾತ್ಗಿತ್ತಿ ಅವನ್ನ ಚಿಕ್ಕಪೇಟೆಗೆ ಇಳಿಸಿಕೊಂಡು, ಪ್ಲಾಟ್‌ಫಾರ್ಮಿನ ಗಾರ್ಡ್ ಹಂತ್ಯಾಕ ಹಿಡಕೊಂಡು ನಿಂತಿದ್ಲು. ನಾ ತಲಿಕೆಟ್ಟು ಮ್ಯಾಲೆ ಕೌಂಟರಿಗೆ ಓಡಿದೆ. ಅದ ತಪ್ಪು.

ಅದಕ್ಕ ಮನ್ಯಾಗ ಮೊದಲ ಮಾತಾಡಿಕೋರಿ. ಒಳಗ ಉಳದವ್ರು ಮುಂದಿನ ಸ್ಟೇಷನ್ನಿಗೆ ಇಳಿದು ಅಲ್ಲೇ ನಿಂದ್ರಬೇಕು, ಹೊರಗ ಉಳದವ್ರು ಹಿಂದ ಬರೂ ಗಾಡಿ ಹತ್ತಿ ಅಲ್ಲೇ ಇಳೀಬೇಕು. ಇಬ್ರೂ ತಿರುಗಾಡಿದ್ರ ಸಂಜಿತನಾ ಸಿಗಂಗಿಲ್ಲ. ಹತ್ತೂವಾಗ ನಿನ್ನ ಗಂಡ ಶರಣು ಸಣ್ಣದನ್ನ ಎತ್ತಿಕೊಂಡು ಮುಂದ, ನಡುವ ದೊಡ್ಡಾಂವ, ಹಿಂದ ನೀನು. ಬೆರಳು ಹಿಡೀಬ್ಯಾಡ, ಬೆವತ್ರ ಜಾರ್ತಾವು, ಮಣಿಕಟ್ಟು ಹಿಡಿ. ಟಿಕೆಟ್ ಗೇಟಿನ್ಯಾಗೂ ಹುಡುಗ ನಿನ್ನ ಮುಂದ ಇರ್ಲಿ, ಹಿಂದ ಬಿಟ್ರ ರೆಕ್ಕಿ ಅವನ ಮುಂದನ ಮುಚ್ಚತೈತಿ. ಫೋನ್ ನಂಬರ್ ಕೈಮ್ಯಾಲೆ ಬರೀಬ್ಯಾಡ, ಅಳಿಸಿ ಹೋಗತೈತಿ. ಚೀಟಿ ಬರದು ಚಡ್ಡಿ ಕಿಸೆದಾಗ ಇಟ್ಟು ಪಿನ್ ಹಾಕು. ಮಗು ಕಾಣಲಿಲ್ಲಂದ್ರ 1098 ಇಲ್ಲಾ 112. ಮತ್ತ ಹೇಳ್ತೀನಿ, ಬೀಪ್ ಅಂತೋ, ಹಿಂದ ಸರೀರಿ. ಇನ್ನೊಂದು ಗಾಡಿ ಬರ್ತೈತಿ.

ಮುಂದಿನ ಡಬ್ಬಿ ಹೆಣ್ಮಕ್ಕಳದಂತ ನೀ ಅತ್ತ, ಅಂವ ಇತ್ತ ಹೋಗಬ್ಯಾಡ್ರಿ. ಡಬ್ಬಿ ಅಂದ್ನಲ್ಲ, ನೆನಪಾತು ನೋಡು. ಪಂಚಮಿಗೆ ಶೇಂಗಾ ಉಂಡಿ ಹಾಕಿ ಕಳಿಸಿದ್ದು ಸ್ಟೀಲಿಂದು, ದೀಪಾವಳಿಗೆ ಕಟಕ ರೊಟ್ಟಿ, ಗುರೆಳ್ಳ ಚಟ್ನಿ ಕಳಿಸಿದ್ದು ಎರಡು. ಮೂರರಾಗ ಒಂದೂ ಮರಳಿ ಬಂದಿಲ್ಲ. ಮ್ಯಾಲೆ ನನ್ನ ಹೆಸರು ಕೊರಸೀನಿ, ತಪ್ಪಿಸಿಕೊಳ್ಳಾಕ ಬರಂಗಿಲ್ಲ. ಜಾತ್ರಿಗೆ ಬಂದಾಗಾದ್ರೂ ತರ್ತೀರಂದ್ರ ಕೈಬೀಸಿಕೋಂತ ಬಂದ್ರಿ. ಈ ಗ್ರೂಪಿನ್ಯಾಗ ದಿನಾ ಗುಡ್ ಮಾರ್ನಿಂಗ್ ಹೂವು ಬರ್ತಾವು, ಡಬ್ಬಿ ಬರಂಗಿಲ್ಲ. ನಿನಗಷ್ಟ ಅಲ್ಲ, ಎಲ್ಲಾರಿಗೂ ಹೇಳಾಕತ್ತೀನಿ.

ಅಯ್ಯ, ನೀ ಕೇಳಿದ್ದ ಮರತಬಿಟ್ಟೆ. ನಿಮಗ ಮೆಜೆಸ್ಟಿಕ್‌ನ್ಯಾಗ ಇಳಿಯೂ ಕೆಲಸಾನ ಇಲ್ಲ! ದಾಸರಹಳ್ಳಿ, ಲಾಲ್‌ಬಾಗ್ ಎರಡೂ ಹಸಿರು ಮಾರ್ಗದಾಗ ಅದಾವು. ರೇಷ್ಮೆ ಸಂಸ್ಥೆ ಕಡೆ ಹೋಗೂ ಗಾಡಿ ಹತ್ತಿ ಕುಂದ್ರಿ, 16ನೇ ಸ್ಟೇಷನ್ ಲಾಲ್‌ಬಾಗ್. ಕೆ.ಆರ್. ಮಾರ್ಕೆಟ್ ಆತು, ನ್ಯಾಷನಲ್ ಕಾಲೇಜು ಬಂತಂದ್ರ ಏಳ್ರಿ. ಆದಿತ್ಯವಾರ ಗಾಡಿ ಮುಂಜಾನೆ 7ಕ್ಕ ಶುರು, ಎಂಟರೊಳಗ ಹತ್ರಿ. ಕೆಂಪೇಗೌಡನ ಗೋಪುರದ ಬಂಡೆ ಮೊದಲ ನೋಡ್ರಿ, ಗಾಜಿನ ಮನಿ ಆಮ್ಯಾಲೆ. ಆ ಬಂಡೆ 300 ಕೋಟಿ ವರ್ಷದ್ದಂತ, ಬಿಸಿಲೇರಿದ್ರ ನಮ್ಮ ಗವಿಮಠದ ಗುಡ್ಡದಂಗ ಕಾಯ್ತೈತಿ, ಹುಡುಗ್ರು ಚಪ್ಪಲಿ ಬಿಚ್ಚಂಗಿಲ್ಲ. ರೊಟ್ಟಿ ಗಾಡ್ಯಾಗ ಬಿಚ್ಚಬ್ಯಾಡ್ರಿ, ಅಲ್ಲಿ ತಿನ್ನಾಕ ಬಿಡಂಗಿಲ್ಲ. ಶಕ್ತಿ ಫ್ರೀ ಟಿಕೆಟ್ ಬಸ್ಸಿಗಷ್ಟ, ಮೆಟ್ರೋಕ್ಕಿಲ್ಲ. ಆಧಾರ್ ತೋರಿಸಿ ಜಗಳಾ ತಗಿಬ್ಯಾಡ. ಒಬ್ಬರಿಗೆ ಒಂದ ಕಾರ್ಡ್ ಬೇಕು, ಶನಿವಾರನ ರೊಕ್ಕ ತುಂಬಿಸಿಕೋ, ಬರೂವಾಗ ಟೋಕನ್ ಸಾಲು ಹನುಮಪ್ಪನ ಬಾಲ ಇರ್ತೈತಿ. ಬರೂವಾಗ ಮಾದಾವರ ಗಾಡಿ.

ಹ್ಞಾಂ, ಸಣ್ಣದು 3 ಅಡಿ ಒಳಗಿದ್ರ ಟಿಕೆಟ್ ಬ್ಯಾಡ. ಬಾಗಿಲ ಚೌಕಟ್ಟಿಗೆ ನಿಂದ್ರಿಸಿ ಈಗ ಅಳದು ನೋಡು, ನೋಡಿ ಫೋನ್ ಮಾಡು. ಹೆಬ್ಬೆಟ್ಟಿನ ಚಿತ್ರ ಕಳಿಸಿ ಕುಂದ್ರಬ್ಯಾಡ.