ಮಧೂರು ಬಡಾವಣೆ ನಿವಾಸಿಗಳು: ಬಾವಿ ನೀರು, ಶೌಚದ ಗುಂಡಿ ಮತ್ತು ಮುಂದಿನ 30 ವರ್ಷ

ಇಳಿಜಾರಿನ ಕೆಳಗಿನ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಾವಿ ನೀರಿನ ವರದಿ ಬಂತು. ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಇದೆ. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಅದು ಒಂದೂ ಇರಬಾರದು. ಬಾವಿಗೆ ಕಟ್ಟೆ ಇದೆ, ಬಲೆ ಹಾಕಿದ್ದೇವೆ, ಮೇಲಿಂದ ಏನೂ ಬೀಳುವುದಿಲ್ಲ. ಆದರೆ ಟಾರ್ಚ್ ಹಿಡಿದು ನೋಡಿದರೆ ಗುಡ್ಡೆ ಬದಿಯ ಗೋಡೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತೂತುಗಳಿಂದ ನೀರು ಜಿನುಗುತ್ತಿದೆ. ಆ ಜಾಗದಲ್ಲಿ ಮಾತ್ರ ಕಪ್ಪಗೆ ಲೋಳೆ ಕಟ್ಟಿದೆ. ಯಾರೊಬ್ಬರ ಮನೆಯನ್ನೂ ದೂರುತ್ತಿಲ್ಲ. ಮೇಲೆ ಇಪ್ಪತ್ತಕ್ಕೂ ಜಾಸ್ತಿ ಶೌಚದ ಗುಂಡಿಗಳಿವೆ, ಎಲ್ಲದರ ನೀರೂ ಕೆಳಗೇ ಬರುತ್ತದೆ ಅಲ್ವಾ?

ಮೂಲೆ ಮನೆ:
ಕೇಳಿ ಬೇಸರವಾಯಿತು. ಸದ್ಯ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕಾಗುವುದಿಲ್ಲವಾ?

ಇಳಿಜಾರಿನ ಕೆಳಗಿನ ಮನೆ:
ಹಾಕುತ್ತೇವೆ. ಆದರೆ ಜಿನುಗುವುದು ನಿಲ್ಲಬೇಕಲ್ಲ.

ಅಂಗಡಿ ಪಕ್ಕದ ಮನೆ:
ಜಲಜೀವನ ಮಿಷನ್‌ನ ಪೈಪ್ ನೀರು ಎಲ್ಲ ಮನೆಗೂ ಬಂದರೆ ಬಾವಿಯ ತಲೆಬಿಸಿಯೇ ಬೇಡ. ಅದಕ್ಕೇ ಎಲ್ಲರೂ ಸೇರಿ ಒತ್ತಾಯ ಮಾಡುವ.

ಶಾಲೆ ರಸ್ತೆಯ ಮನೆ:
ಪೈಪ್ ನೀರು ಬೇಕೇ ಬೇಕು. ಆದರೆ ಅದೊಂದನ್ನೇ ಕೇಳಿದರೆ ತೊಂದರೆ ಜಾಸ್ತಿಯಾಗುತ್ತದೆ. ನಾನು ಪೈಪ್‌ಲೈನ್ ಕೆಲಸದಲ್ಲೇ ಇದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಆ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ನಮ್ಮಲ್ಲಿ 60 ಮನೆ. ಮನೆಗೆ ಐದು ಜನ ಅಂದರೂ ದಿನಕ್ಕೆ 16,500 ಲೀಟರ್ ಆಯಿತು. ಬಳಸಿದ ನೀರಿನಲ್ಲಿ ಸುಮಾರು 80 ಶೇಕಡಾ ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಇಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ದಿನಾ 13,000 ಲೀಟರ್ ದಾಟುತ್ತದೆ. ಇಷ್ಟು ನೀರು ಹೋಗುವುದೆಲ್ಲಿ? ಇದೇ ಗುಂಡಿಗಳಿಗೆ, ಇದೇ ಮುರಕಲ್ಲಿಗೆ.

ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 7.5 ಮೀಟರ್ ದೂರ ಇರಬೇಕು ಅಂತ ಕೇರಳದ ಕಟ್ಟಡ ನಿಯಮ ಹೇಳುತ್ತದೆ. 5 ಸೆಂಟ್ (ಸುಮಾರು 200 ಚದರ ಮೀಟರ್) ಜಾಗ ಚೌಕವಾಗಿದ್ದರೂ ಒಂದು ಬದಿ 14 ಮೀಟರ್ ಅಷ್ಟೇ. ನಿಮ್ಮ ಬಾವಿಯಿಂದ ನಿಮ್ಮ ಗುಂಡಿಯನ್ನು ದೂರ ಇಟ್ಟಿರಬಹುದು. ಪಕ್ಕದವರ ಗುಂಡಿ ಗೋಡೆಯಾಚೆಗೇ ಇರುತ್ತದೆ. ಮುರಕಲ್ಲಿನ ಬಿರುಕು, ತೂತುಗಳಲ್ಲಿ ನೀರು ಹರಿಯುವ ವೇಗ ನೋಡಿದರೆ ಆ 7.5 ಮೀಟರೂ ನನಗೆ ಧೈರ್ಯ ಕೊಡುವುದಿಲ್ಲ.

ಬಾವಿ ಬಿಟ್ಟುಬಿಡುವ ಅನ್ನುವುದಂತೂ ನನಗೆ ಒಪ್ಪಿಗೆಯಿಲ್ಲ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬರುತ್ತದೆ. ಆದರೂ 2017ರ ಅಂತರ್ಜಲ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ಸ್ಥಿತಿಯ ಪಟ್ಟಿಗೆ ಸೇರಿತ್ತು. ಇರುವ ಬಾವಿಯನ್ನೂ ಕೆಡಿಸಿಕೊಂಡರೆ ಪೈಪ್ ನಿಂತ ದಿನ ಏನು ಮಾಡುವುದು?

ಕಾಸರಗೋಡು ಪೇಟೆಗೆ ಹೊಳೆ ನೀರು ಎತ್ತುವ ಬಾವಿಕ್ಕೆರೆ ನೆನಪಿದೆಯಲ್ಲ? ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ನುಗ್ಗಿ ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿತ್ತು. ವರ್ಷ ವರ್ಷ ಮರಳಿನ ಚೀಲದ ತಡೆ ಕಟ್ಟುವುದು, ಅದು ಕೊಚ್ಚಿ ಹೋಗುವುದು. ಶಾಶ್ವತ ಅಣೆಕಟ್ಟು ಆಗಬೇಕಾದರೆ 2021 ಬಂತು. ಕೊಳಚೆಯ ವಿಷಯದಲ್ಲೂ ಹಾಗೆಯೇ ಆಗಬಾರದು.

ನೀರು, ಕೊಳಚೆ ಎರಡನ್ನೂ ಒಂದೇ ಯೋಜನೆಯಲ್ಲಿ ಕೇಳಬೇಕು. ಇಂಥ ಕೆಲಸಗಳನ್ನು 30 ವರ್ಷ ಮುಂದಿನ ಜನಸಂಖ್ಯೆ ನೋಡಿಯೇ ವಿನ್ಯಾಸ ಮಾಡುತ್ತಾರೆ. ಪಂಪು, ಮೋಟಾರಿಗೆ 15 ವರ್ಷ.

ಬಸ್‌ಸ್ಟಾಪ್ ಎದುರಿನ ಮನೆ:
ಒಪ್ಪಿದೆ. ಆದರೆ ಕೊಳಚೆ ಶುದ್ಧೀಕರಣ ಘಟಕ ಬಡಾವಣೆಯ ಹತ್ತಿರ ಬೇಡ. ವಾಸನೆ, ಸೊಳ್ಳೆ. ಚಿಕ್ಕ ಮಕ್ಕಳಿರುವ ಮನೆ ನಮ್ಮದು.

ಶಾಲೆ ರಸ್ತೆಯ ಮನೆ:
ನಿಮ್ಮ ಹೆದರಿಕೆ ಸಹಜ. ಸರಿಯಾಗಿ ನೋಡಿಕೊಳ್ಳದ ಘಟಕ ನಿಜಕ್ಕೂ ನಾರುತ್ತದೆ. ಅದಕ್ಕೇ ಕಟ್ಟುವ ಹಣದ ಜೊತೆ ನಡೆಸುವ ಹಣ, ನಡೆಸುವ ಜನ ಎರಡೂ ಮೊದಲೇ ಬರವಣಿಗೆಯಲ್ಲಿ ಇರಬೇಕು ಅಂತ ನಾವು ಹಟ ಹಿಡಿಯಬೇಕು.

ಜಾಗದ ವಿಷಯ ಇನ್ನೂ ಕಷ್ಟದ್ದು. ಕೊಳಚೆ ಪಂಪಿಲ್ಲದೆ ಹರಿಯಬೇಕಾದರೆ ಘಟಕ ತಗ್ಗಿನಲ್ಲಿರಬೇಕು. ನಮ್ಮ ತಗ್ಗಿನಲ್ಲಿ ಮಧುವಾಹಿನಿ ಹೊಳೆ. ಮಳೆಗಾಲದಲ್ಲಿ ದೇವಸ್ಥಾನದ ಅಂಗಳಕ್ಕೇ ನೆರೆ ಬರುತ್ತದೆ, ಅಲ್ಲಿ ಘಟಕ ಇಟ್ಟರೆ ಎಲ್ಲ ಹೊಳೆ ಪಾಲು. ನೆರೆ ಮುಟ್ಟದ, ಆದರೆ ಮನೆಗಳಿಗಿಂತ ತಗ್ಗಿನ ಜಾಗ ಬೇಕು. ಅಂಥದ್ದು ಸ್ವಲ್ಪವೇ ಉಳಿದಿದೆ. ಅದನ್ನೂ ಸೆಂಟ್ ಲೆಕ್ಕದಲ್ಲಿ ಮಾರುತ್ತಿದ್ದಾರೆ. ಈಗಲೇ ಗುರುತಿಸಿ ಇಡದಿದ್ದರೆ ಆಮೇಲೆ ದುಡ್ಡಿದ್ದರೂ ಸಿಗುವುದಿಲ್ಲ.

ಅಡ್ಮಿನ್:
ಹಾಗಾದರೆ ಗ್ರಾಮಸಭೆಯಲ್ಲೇ ಎತ್ತುವ. ಮೂರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಕೋರಂಗೆ (ಸಭೆಗೆ ಬೇಕಾದ ಕನಿಷ್ಠ ಹಾಜರಿಗೆ) ಮತದಾರರಲ್ಲಿ 10 ಶೇಕಡಾ ಜನ ಬೇಕು, ಹೋದ ಸಲ ನಮ್ಮ ರಸ್ತೆಯಿಂದ ಬಂದವರು ಬೆರಳೆಣಿಕೆ. ಮನೆಗೊಬ್ಬರು ಬನ್ನಿ. ಅರ್ಜಿ ಕನ್ನಡದಲ್ಲೇ ಬರೆಯುವ. ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಿಂದಲೇ ಇದೆ.

ಮೂಲೆ ಮನೆ:
ಮೊದಲು ಬಾವಿ, ಗುಂಡಿಗಳ ನಕ್ಷೆ ಬೇಕಲ್ವಾ? ಸುಮ್ನೆ ಬಾಯಿಮಾತಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ನನ್ನ ಮಗಳು ಬಿಡಿಸಿಕೊಡುತ್ತಾಳೆ. ಪ್ರತಿ ಮನೆಯವರೂ ಟೇಪ್ ಹಿಡಿದು ದೂರ ಅಳೆದು ಇಲ್ಲಿ ಹಾಕಿ. ಗುಂಡಿಯನ್ನು ಕೊನೆಗೆ ಖಾಲಿ ಮಾಡಿಸಿದ್ದು ಯಾವಾಗ ಅನ್ನುವುದನ್ನೂ ಬರೆಯಿರಿ.

ಬಸ್‌ಸ್ಟಾಪ್ ಎದುರಿನ ಮನೆ:
ನಮ್ಮದು ಅಳೆದೆ. ನಮ್ಮ ಬಾವಿಯಿಂದ ನಮ್ಮ ಗುಂಡಿಗೆ 9 ಮೀಟರ್, ಹಿಂದಿನ ಮನೆಯದ್ದಕ್ಕೆ 4. ಅವರೂ ನಾವೂ ಒಟ್ಟಿಗೆ ಗ್ರಾಮಸಭೆಗೆ ಬರುತ್ತೇವೆ.

ಅಡ್ಮಿನ್:
ಒಳ್ಳೆಯದಾಯಿತು. ಉಳಿದವರು ಶನಿವಾರದೊಳಗೆ ಹಾಕಿ. ಭಾನುವಾರ ಬೆಳಿಗ್ಗೆ 10ಕ್ಕೆ ಶಾಲೆ ರಸ್ತೆಯ ಮನೆಯಲ್ಲಿ ಕೂತು ಅರ್ಜಿ ಬರೆಯುವುದು.