ಲೇಕ್ ಕೋಮೊದಲ್ಲಿ ಒಂದು ಗಂಟೆಯ ಬೋಟ್ ಸುತ್ತು: ಅಪ್ಪ ಅಮ್ಮನ ಜೊತೆ ಹೋದರೆ ಎಲ್ಲಿ ಹತ್ತಬೇಕು?

ಬೆಂಗಳೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇ ಕೊನೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಇಟಲಿಗೆ ಹೊರಟಿದ್ದೇನೆ. ಮಿಲಾನ್‌ನಲ್ಲಿ ಮೂರು ರಾತ್ರಿ ಉಳಿಯುತ್ತೇವೆ. ಅದರಲ್ಲಿ ಒಂದು ದಿನ ಲೇಕ್ ಕೋಮೊಗೆ ಇಟ್ಟಿದ್ದೇವೆ. ಅಲ್ಲಿ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ಒಂದು ಗಂಟೆ ಸುತ್ತಿಸುವ ಬೋಟ್‌ಗಳಿವೆಯಂತೆ. ಅದಕ್ಕೆ ದುಡ್ಡು ಕೊಡಬಹುದಾ, ಇಲ್ಲಾ ಮಾಮೂಲಿ ಸಾರಿಗೆ ಬೋಟ್‌ನಲ್ಲೇ ಓಡಾಡಿದರೆ ಸಾಕಾ? ಹತ್ತುವುದು ಕೋಮೊ ಊರಿನಲ್ಲೋ, ಬೆಲ್ಲಾಜಿಯೊದಲ್ಲೋ? ಅಪ್ಪನಿಗೆ 71 ವರ್ಷ, ಮಂಡಿ ನೋವಿದೆ. ಅಮ್ಮನಿಗೆ ನೀರೆಂದರೆ ಭಯ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ಹತ್ತಲು ಇವತ್ತಿಗೂ ಒಪ್ಪಿಲ್ಲ. ಹೋಗಿ ಬಂದವರು ನಿಮ್ಮ ಅನುಭವ ಹೇಳಿ, ಪ್ಲೀಸ್.

ಮಿಲಾನ್‌ನಿಂದ

ನಾನು ಇಲ್ಲಿ ಕೆಲಸಕ್ಕೆ ಬಂದು ಆರು ವರ್ಷ ಆಯಿತು. ಊರಿನಿಂದ ಯಾರೇ ಬಂದರೂ ಕೋಮೊಗೆ ಕರೆದುಕೊಂಡು ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬುಕ್ ಮಾಡುವ ಮುಂಚೆ ನಕ್ಷೆ ನೋಡಿ. ಈ ಸರೋವರ ಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿದೆ. ಎಡಗಡೆಯ ಪಾದದ ತುದಿಯಲ್ಲಿ ಕೋಮೊ ಊರು, ಬಲಗಡೆಯ ಪಾದದ ತುದಿಯಲ್ಲಿ ಲೆಕ್ಕೊ. ಎರಡು ಕಾಲು ಸೇರುವ ಜಾಗದಲ್ಲಿ ಬೆಲ್ಲಾಜಿಯೊ. ಅದರ ಪೂರ್ವ ದಡಕ್ಕೆ ವರೆನ್ನಾ, ಪಶ್ಚಿಮ ದಡಕ್ಕೆ ಮೆನಾಜಿಯೊ, ಟ್ರೆಮೆಝೊ, ಲೆನ್ನೊ. ಫೋಟೋಗಳಲ್ಲಿ ನಾವು ನೋಡುವ ಹೆಸರಾಂತ ಬಂಗಲೆಗಳು ಜಾಸ್ತಿ ಇರುವುದು ಈ ನಡುಭಾಗದಲ್ಲಿ. ಕೋಮೊ ಊರಿನಿಂದ ಅಲ್ಲಿಗೆ ನಿಧಾನದ ಬೋಟ್‌ನಲ್ಲಿ ಸುಮಾರು ಎರಡು ಗಂಟೆ ಬೇಕು. ಅಂದ ಮೇಲೆ ಕೋಮೊದಿಂದ ಹೊರಡುವ ಒಂದು ಗಂಟೆಯ ಸುತ್ತು ಅಲ್ಲಿಯವರೆಗೆ ಹೋಗಿ ಬರುವುದಿಲ್ಲ. ಚೆರ್ನೊಬ್ಬಿಯೊ, ಮೊಲ್ಟ್ರಾಸಿಯೊ, ಟೊರ್ನೊ, ಬ್ಲೆವಿಯೊ, ಹೀಗೆ ಹತ್ತಿರದ ಊರುಗಳ ಮುಂದೆ ಹಾದು ಹಿಂದಕ್ಕೆ ಬರುತ್ತದೆ. ಅದೂ ಚೆನ್ನಾಗಿದೆ. ಆದರೆ ಬೆಲ್ಲಾಜಿಯೊ ನೋಡುತ್ತೇವೆ ಅಂದುಕೊಂಡು ಹತ್ತಿ, ಇಳಿಯುವಾಗ ಮುಖ ಬಾಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಇನ್ನು ಸಾರಿಗೆ ಬೋಟ್. ಇವನ್ನು ಓಡಿಸುವುದು ನವಿಗಾಝಿಯೋನೆ ಲಾಗಿ ಅನ್ನುವ ಸರ್ಕಾರಿ ಸಂಸ್ಥೆ. ಅದರಲ್ಲಿ ಮೂರು ಬಗೆ. ಬಾಟ್ಟೆಲ್ಲೊ ಅಂದರೆ ನಿಧಾನದ ದೊಡ್ಡ ಬೋಟ್, ಮೇಲೆ ತೆರೆದ ಡೆಕ್ ಇರುತ್ತದೆ. ಟ್ರಗೆಟ್ಟೊ ಅಂದರೆ ಕಾರುಗಳನ್ನೂ ಹೊತ್ತು ದಾಟಿಸುವುದು. ರಾಪಿಡೊ ಅಂದರೆ ವೇಗದ್ದು. ಇದರಲ್ಲಿ ಗಾಜಿನ ಒಳಗೇ ಕೂತಿರಬೇಕು. ಟಿಕೆಟ್ ಕೂಡ ಜಾಸ್ತಿ. ನೋಡಲು ಬಂದವರು ರಾಪಿಡೊ ಹತ್ತಬೇಡಿ.

ಹಾಗಾದರೆ ಚಿಕ್ಕ ಬೋಟ್‌ಗೆ ಯಾಕೆ ದುಡ್ಡು ಕೊಡಬೇಕು? ಸಾರಿಗೆ ಬೋಟ್ ಊರಿಂದ ಊರಿಗೆ ಹೋಗುತ್ತದೆ, ನಿಮಗಾಗಿ ಎಲ್ಲೂ ನಿಲ್ಲುವುದಿಲ್ಲ. ಚಿಕ್ಕ ಬೋಟ್ ದಡದ ಹತ್ತಿರಕ್ಕೇ ಹೋಗುತ್ತದೆ, ಬಂಗಲೆ ಮುಂದೆ ಎಂಜಿನ್ ನಿಲ್ಲಿಸುತ್ತದೆ. ಓಡಿಸುವವರು ಒಂದೊಂದು ಮನೆಯ ಕಥೆ ಹೇಳುತ್ತಾರೆ. ಇಲ್ಲಿನ ಬಂಗಲೆಗಳಿಗೆ ನೀರಿನ ಕಡೆಯೇ ಮುಂಬಾಗಿಲು. ಹಿಂದಿನ ಕಾಲದಲ್ಲಿ ದೊಡ್ಡ ಮನೆಯವರು ದೋಣಿಯಲ್ಲೇ ಬರುತ್ತಿದ್ದರು. ಅದಕ್ಕೇ ಮೆಟ್ಟಿಲು, ಗೇಟು, ತೋಟದ ಅಂದ ಎಲ್ಲವೂ ನೀರಿಗೆ ಎದುರಾಗಿವೆ. ರಸ್ತೆಯಲ್ಲಿ ಹೋದರೆ ಕಾಣುವುದು ಬರೀ ಕಾಂಪೌಂಡ್ ಗೋಡೆ. ನನ್ನ ಮಟ್ಟಿಗೆ ಆ ಒಂದು ಗಂಟೆಗೆ ಕೊಡುವ ದುಡ್ಡು ಇದಕ್ಕಾಗಿ.

ಸಮಯ ಬೆಳಗ್ಗೆಯೇ ಇಟ್ಟುಕೊಳ್ಳಿ. ಈ ಸರೋವರಕ್ಕೆ ಎರಡು ಗಾಳಿಗಳಿವೆ, ಎರಡಕ್ಕೂ ಹೆಸರಿದೆ. ಬೆಳಗಿನ ಜಾವ ಬೆಟ್ಟದಿಂದ ತೆಂಕಣಕ್ಕೆ ಇಳಿಯುವುದು ತಿವಾನೊ. ಬಿಸಿಲೇರಿ ಬೆಟ್ಟದ ಮೈ ಕಾದ ಮೇಲೆ ಬಯಲು ಸೀಮೆಯ ಗಾಳಿ ಮೇಲಕ್ಕೆ ನುಗ್ಗುತ್ತದೆ, ಅದು ಬ್ರೆವಾ. ಬೇಸಿಗೆಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಬ್ರೆವಾ ಶುರುವಾದರೆ ನೀರಿನ ಮೇಲೆ ಸಣ್ಣ ಸಣ್ಣ ಅಲೆಗಳೇಳುತ್ತವೆ. ದೊಡ್ಡ ಬೋಟ್‌ಗೆ ಅದು ಲೆಕ್ಕಕ್ಕಿಲ್ಲ, ಚಿಕ್ಕದು ದಡಬಡ ಅನ್ನುತ್ತದೆ. ಹತ್ತೂವರೆಯ ಒಳಗಿನ ಬೋಟ್ ಹಿಡಿದರೆ ಅಮ್ಮನಿಗೆ ಕಷ್ಟ ಆಗುವುದು ಕಡಿಮೆ.

ನನ್ನ ಸಲಹೆ: ಮಿಲಾನೊ ಚೆಂತ್ರಾಲೆಯಿಂದ ರೈಲಿನಲ್ಲಿ ವರೆನ್ನಾಗೆ ಬನ್ನಿ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ, ಲೆಕ್ಕೊ ದಾಟಿದ ಮೇಲೆ ನೀರು ಪಕ್ಕದಲ್ಲೇ ಬರುತ್ತದೆ. ವರೆನ್ನಾದಿಂದ ಬೆಲ್ಲಾಜಿಯೊಗೆ ದೊಡ್ಡ ಬೋಟ್‌ನಲ್ಲಿ ಕಾಲು ಗಂಟೆ. ಅಮ್ಮನಿಗೆ ಅದು ಅಭ್ಯಾಸ ಆಗಲಿ. ಚಿಕ್ಕ ಬೋಟ್ ಆಮೇಲೆ.

ಮೈಸೂರಿನಿಂದ

ಮಿಲಾನ್‌ನವರು ಹೇಳಿದ್ದು ಸರಿಯಾಗಿದೆ. ಆದರೂ ನಿಮ್ಮ ತಂದೆಯವರ ಮಂಡಿ ನೆನೆದು ನಾನು ಬೇರೆ ಮಾತು ಹೇಳುತ್ತೇನೆ. ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು, ಅತ್ತೆಗೂ ಮಂಡಿ ತೊಂದರೆ. ವರೆನ್ನಾ ಸ್ಟೇಷನ್‌ನಿಂದ ಬೋಟ್ ಹತ್ತುವ ಜಾಗಕ್ಕೆ ಇಳಿಜಾರು ದಾರಿ. ವಾಪಸ್ ಬರುವಾಗ ಅದನ್ನೇ ಹತ್ತಬೇಕು. ಬೆಲ್ಲಾಜಿಯೊದಲ್ಲಿ ಅಂಗಡಿ ಬೀದಿಗಳೇ ಕಲ್ಲಿನ ಮೆಟ್ಟಿಲು. ಇದನ್ನು ಮೊದಲೇ ವಿಚಾರಿಸಿ ನಾವು ಕೋಮೊ ಊರನ್ನೇ ಆರಿಸಿಕೊಂಡೆವು. ಮಿಲಾನೊ ಕಾದೋರ್ನಾದಿಂದ ಹೊರಡುವ ರೈಲಿನ ಕೊನೆಯ ಸ್ಟೇಷನ್ ಕೋಮೊ ನೋರ್ದ್ ಲಾಗೊ. ಇಳಿದರೆ ನೀರು ಎದುರಿಗೇ. ನೆಲ ಚಪ್ಪಟೆ.

ನಮ್ಮ ಬೋಟ್‌ನಲ್ಲಿ ಹನ್ನೊಂದು ಜನ ಇದ್ದರು. ಕಟ್ಟೆಯಿಂದ ಬೋಟ್‌ಗೆ ಒಂದು ಮೆಟ್ಟಿಲಿನಷ್ಟು ಕೆಳಗೆ ಕಾಲಿಡಬೇಕು, ಬೋಟ್ ಅಲುಗಾಡುತ್ತಿರುತ್ತದೆ. ಬೋಟಿನ ಹುಡುಗ ಎರಡೂ ಕೈ ಹಿಡಿದು ಅತ್ತೆಯನ್ನು ಇಳಿಸಿದ. ನಿಮ್ಮ ಬುಕಿಂಗ್‌ನಲ್ಲೇ "ಹಿರಿಯರಿದ್ದಾರೆ, ಹತ್ತಲು ಸಹಾಯ ಬೇಕು" ಅಂತ ಬರೆದುಬಿಡಿ. ಹೋಗುವಾಗ ಎಡಗಡೆ ಕೂತರೆ ಚೆರ್ನೊಬ್ಬಿಯೊದ ವಿಲ್ಲಾ ದೆಸ್ತೆ ಚೆನ್ನಾಗಿ ಕಾಣುತ್ತದೆ. 16ನೇ ಶತಮಾನದ ಬಂಗಲೆ, 1873ರಿಂದ ಹೋಟೆಲ್. ಬೆಳಗ್ಗೆ ಬಿಸಿಲು ಆ ದಡದ ಮೇಲೇ ಬೀಳುತ್ತದೆ.

ಒಂದು ವಿಷಯ ಹೇಳಲೇಬೇಕು. ಮಾವ 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಬೋಟ್ ಇಳಿದು ದಡದ ಮೇಲೆ ನಡೆಯುತ್ತಿದ್ದಾಗ ಕಂಬಗಳಿರುವ ಬಿಳಿ ಕಟ್ಟಡ ಕಂಡಿತು. ಅದು ಅಲೆಸ್ಸಾಂಡ್ರೊ ವೋಲ್ಟಾ ನೆನಪಿನ ಮ್ಯೂಸಿಯಂ, ಟೆಂಪಿಯೊ ವೋಲ್ಟಿಯಾನೊ. ಮೊದಲ ಬ್ಯಾಟರಿ ಮಾಡಿದ ವೋಲ್ಟಾ ಹುಟ್ಟಿದ್ದು ಇದೇ ಕೋಮೊದಲ್ಲಿ, 1745ರಲ್ಲಿ. ಮಾವನಿಗೆ ಆ ಊರು ಇದು ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. "ಎಷ್ಟು ವರ್ಷ ಬೋರ್ಡಿನ ಮೇಲೆ ಈ ಹೆಸರು ಬರೆದೆ" ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಇಡೀ ಇಟಲಿಯಲ್ಲಿ ಅವರಿಗೆ ಅಷ್ಟು ಸಂತೋಷ ಬೇರೆ ಎಲ್ಲೂ ಆಗಲಿಲ್ಲ. ಸ್ವಲ್ಪ ಸಮಯ ಇಟ್ಟುಕೊಂಡು ಅಲ್ಲಿಗೂ ಹೋಗಿ.

ಮ್ಯೂನಿಕ್‌ನಿಂದ

ನಮ್ಮ ತಪ್ಪು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಜುಲೈನಲ್ಲಿ ಎರಡು ಮಕ್ಕಳ ಜೊತೆ ಹೋದೆವು. ಸಂಜೆ ಐದರ ಶೇರಿಂಗ್ ಬೋಟ್ ಬುಕ್ ಮಾಡಿದ್ದೆವು, ಬಿಸಿಲು ಇಳಿದಿರುತ್ತದೆ ಅಂತ. ನಾಲ್ಕೂವರೆಗೆ ಬೆಟ್ಟದ ಹಿಂದಿನಿಂದ ಕಪ್ಪು ಮೋಡ ಬಂತು. ಹತ್ತೇ ನಿಮಿಷದಲ್ಲಿ ಗುಡುಗು, ಮಳೆ. ಬೋಟ್ ಬಿಡಲಿಲ್ಲ, ಅದು ಸರಿಯೇ. ಆದರೆ ಬೋಟಿನವರು ದುಡ್ಡು ವಾಪಸ್ ಕೊಡಲಿಲ್ಲ, ಬೇರೆ ದಿನ ಬನ್ನಿ ಅಂದರು. ಮರುದಿನ ಬೆಳಗ್ಗೆ ನಾವು ಹೊರಡಬೇಕಿತ್ತು. ಮಕ್ಕಳು ಅತ್ತರು. ಹವಾಮಾನದಿಂದ ರದ್ದಾದರೆ ದುಡ್ಡು ಕೊಡುತ್ತಾರಾ, ಬರೀ ದಿನ ಬದಲಿಸುತ್ತಾರಾ ಅಂತ ನಿಯಮ ಓದಿಕೊಳ್ಳಿ. ನಿಮಗಿರುವುದು ಒಂದೇ ದಿನ ಅಲ್ವಾ?

ಇನ್ನೊಂದು. ಕಾರು ಬಾಡಿಗೆ ಹಿಡಿಯುವ ಯೋಚನೆ ಇದ್ದರೆ ಬಿಡಿ. ಕೋಮೊದಿಂದ ಬೆಲ್ಲಾಜಿಯೊಗೆ ಹೋಗುವ ರಸ್ತೆ ತುಂಬಾ ಇಕ್ಕಟ್ಟು, ಎದುರಿಗೆ ಬಸ್ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ಬೆಳಗು ಹೋಯಿತು.

ಹುಬ್ಬಳ್ಳಿಯಿಂದ

ಊಟದ ಬಗ್ಗೆ ಯಾರೂ ಹೇಳಿಲ್ಲ, ಹಿರಿಯರ ಜೊತೆ ಅದು ದೊಡ್ಡ ವಿಷಯ. ಸರೋವರದ ಊರುಗಳಲ್ಲಿ ಮೀನಿನ ಅಡುಗೆ ಜಾಸ್ತಿ. ರಿಸೊಟ್ಟೊ ಹೇಳಿದರೆ ಮೇಲೆ ಪೆರ್ಸಿಕೊ ಮೀನು ಇಟ್ಟು ತರಬಹುದು. "ಸೆಂಝಾ ಕಾರ್ನೆ, ಸೆಂಝಾ ಪೇಷೆ" ಅನ್ನಿ. ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಪಿಜ್ಜಾ ಸಾಕಾಗಿದ್ದರೆ ಪೊಲೆಂತಾ ಉಂಚಾ ಕೇಳಿ. ಗೋವಿನಜೋಳದ ಹಿಟ್ಟನ್ನು ನಮ್ಮ ಜೋಳದ ನುಚ್ಚಿನ ಹಾಗೆ ಬೇಯಿಸಿ, ಬೆಣ್ಣೆ, ಚೀಸ್, ಬೆಳ್ಳುಳ್ಳಿ ಹಾಕಿರುತ್ತಾರೆ. ನಮ್ಮ ಅವ್ವ ಮೊದಲ ತುತ್ತಿಗೇ "ಇದು ನಮ್ಮದೇ" ಅಂದರು. ಬಿಸಿ ಇರುವಾಗಲೇ ತಿನ್ನಬೇಕು. ಕಾಫಿ ಬಾರ್‌ನಲ್ಲಿ ನಿಂತು ಕುಡಿದರೆ ಕಡಿಮೆ ರೇಟು, ಕೂತರೆ ಜಾಸ್ತಿ. ಹಿರಿಯರಿಗಾಗಿ ಕೂತೇ ಕುಡಿಯಿರಿ, ಅಲ್ಲಿನ ಟಾಯ್ಲೆಟ್ ಕೂಡ ಸಿಗುತ್ತದೆ. ಚಿಕ್ಕ ಬೋಟ್‌ನಲ್ಲಿ ಆ ವ್ಯವಸ್ಥೆ ಇರುವುದಿಲ್ಲ.

ಬೆಂಗಳೂರಿನಿಂದ, ಮತ್ತೆ

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಅಕ್ಕ ಹೇಳಿದ ಹಾಗೆ ಕೋಮೊ ಊರೇ ಅಂತ ತೀರ್ಮಾನಿಸಿದ್ದೆ. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳುವಾಗ ಅಮ್ಮ ಒಂದು ಮಾತು ಅಂದರು: "ದೀಪಿಕಾ ಮದುವೆ ಆಗಿದ್ದು ಅಲ್ಲೇ ಅಲ್ವಾ? ಆ ಮನೆ ನೋಡಬಹುದಾ?" ನೀರಿಗೆ ಹೆದರುವ ಅಮ್ಮ ತಾವಾಗಿಯೇ ಕೇಳಿದ್ದು ಇದೊಂದನ್ನೇ. ಕೋಮೊ ಊರಿನ ಬೋಟ್ ಅಲ್ಲಿಗೆ ಹೋಗುತ್ತದಾ?

ಮಿಲಾನ್‌ನಿಂದ

ಇಲ್ಲ, ಒಂದು ಗಂಟೆಯ ಬೋಟ್ ಹೋಗುವುದಿಲ್ಲ. ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಮದುವೆ ನಡೆದದ್ದು ಲೆನ್ನೊ ಹತ್ತಿರದ ವಿಲ್ಲಾ ದೆಲ್ ಬಾಲ್ಬಿಯಾನೆಲ್ಲೊದಲ್ಲಿ, 2018ರ ನವೆಂಬರ್ 14 ಮತ್ತು 15ರಂದು. ಮೊದಲ ದಿನ ಕೊಂಕಣಿ ಪದ್ಧತಿಯ ಮದುವೆ. ಈ ಮನೆ ಇರುವುದು ನಡುಭಾಗದಲ್ಲಿ, ನೀರಿನೊಳಕ್ಕೆ ಚಾಚಿದ ಒಂದು ಗುಡ್ಡದ ಮೂಗಿನ ಮೇಲೆ.

ಇದು 18ನೇ ಶತಮಾನದ ಕೊನೆಯಲ್ಲಿ ದುರಿನಿ ಅನ್ನುವ ಕಾರ್ಡಿನಲ್ ಕಟ್ಟಿಸಿದ ಮನೆ. ಕೊನೆಯ ಒಡೆಯ ಗ್ವಿದೊ ಮೊಂಝಿನೊ. 1973ರಲ್ಲಿ ಇಟಲಿಯ ಮೊದಲ ಎವರೆಸ್ಟ್ ತಂಡವನ್ನು ಮುನ್ನಡೆಸಿದವರು. ತೀರಿಹೋಗುವಾಗ ಮನೆಯನ್ನು ಎಫ್‌ಎಐ ಅನ್ನುವ ಪರಂಪರೆ ಉಳಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಹಾಗಾಗಿ ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು. ಆದರೆ ತೋಟದ ತುಂಬ ಮೆಟ್ಟಿಲು. ವಾರದಲ್ಲಿ ಕೆಲವು ದಿನ ರಜೆ ಕೂಡ ಇರುತ್ತದೆ. ನಿಮ್ಮ ತಂದೆಯವರಿಗೆ ಒಳಗೆ ಹೋಗುವುದು ಬೇಡ. ನಿಜ ಹೇಳಬೇಕೆಂದರೆ ನೀರಿನಿಂದ ನೋಡುವುದೇ ಚೆಂದ. ನೀರಿಗೆ ಇಳಿಯುವ ಮೆಟ್ಟಿಲು, ಮೇಲೆ ಬಳ್ಳಿ ಹಬ್ಬಿದ ಕಮಾನುಗಳ ಮಂಟಪ, ಛತ್ರಿಯ ಹಾಗೆ ಕತ್ತರಿಸಿದ ಮರಗಳು, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಹಾಗಾಗಿ ಹೀಗೆ ಮಾಡಿ. ವರೆನ್ನಾಗೆ ಬೇಗನೆ ಬನ್ನಿ. ಸ್ಟೇಷನ್‌ನಿಂದ ಇಳಿಯುವುದು ಹತ್ತು ನಿಮಿಷದ ದಾರಿ, ತಂದೆಯವರು ನಿಧಾನವಾಗಿ ನಡೆಯಲಿ. ದೊಡ್ಡ ಬೋಟ್‌ನಲ್ಲಿ ಬೆಲ್ಲಾಜಿಯೊ. ಅಲ್ಲಿ ಮೆಟ್ಟಿಲಿನ ಬೀದಿ ಹತ್ತಲೇಬೇಡಿ. ಬೋಟ್ ಇಳಿಯುವ ದಡದ ರಸ್ತೆ ಸಮತಟ್ಟು, ಅದೇ ದಡದಲ್ಲಿ ಮುಂದೆ ವಿಲ್ಲಾ ಮೆಲ್ಝಿ ತೋಟವಿದೆ. ಶೇರಿಂಗ್ ಬೋಟ್ ಬುಕ್ ಮಾಡುವಾಗ ದಾರಿಯಲ್ಲಿ ಬಾಲ್ಬಿಯಾನೆಲ್ಲೊ ಇದೆಯಾ ಅಂತ ಹೆಸರು ಹಿಡಿದು ಕೇಳಿ. ಸಾಮಾನ್ಯವಾಗಿ ವಿಲ್ಲಾ ಕಾರ್ಲೊಟ್ಟಾ ಮುಂದೆ ಹೋಗಿ, ಬಾಲ್ಬಿಯಾನೆಲ್ಲೊ ಸುತ್ತುತ್ತಾರೆ. ಕೆಲವರು ಕೊಮಚಿನಾ ದ್ವೀಪದವರೆಗೂ ಹೋಗುತ್ತಾರೆ. ಈ ಸರೋವರಕ್ಕೆ ಇರುವುದು ಅದೊಂದೇ ದ್ವೀಪ.

ಶನಿವಾರ, ಭಾನುವಾರ ಬೇಡ. ಸಂಜೆ ವಾಪಸ್ ಬೋಟ್‌ಗೆ ಕ್ಯೂ ಉದ್ದ ಇರುತ್ತದೆ. ಹತ್ತಲಾಗದೆ ಮುಂದಿನದಕ್ಕೆ ಕಾದರೆ ರೈಲು ತಪ್ಪುತ್ತದೆ. ಹಿಂದಿರುಗುವ ರೈಲಿಗೆ ಒಂದೂವರೆ ಗಂಟೆ ಮುಂಚೆಯೇ ಬೆಲ್ಲಾಜಿಯೊ ಬಿಡಿ. ವರೆನ್ನಾದ ಏರು ದಾರಿಗೂ ಸಮಯ ಬೇಕಲ್ಲ.

ಈ ಸರೋವರದ ಆಳ 400 ಮೀಟರ್‌ಗೂ ಜಾಸ್ತಿ, ತಳ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಅಮ್ಮನಿಗೆ ಈ ಲೆಕ್ಕ ಬೋಟ್ ಇಳಿದ ಮೇಲೆ ಹೇಳಿ.

ಬೆಂಗಳೂರಿನಿಂದ, ಹೋಗಿ ಬಂದ ಮೇಲೆ

ಬಂದು ಹತ್ತು ದಿನ ಆಯಿತು. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮಂಗಳವಾರ ಹೋದೆವು. ವರೆನ್ನಾದ ಇಳಿಜಾರು ಅಪ್ಪನಿಗೆ ಪರವಾಗಿಲ್ಲ ಅನ್ನಿಸಿತು, ಏರುವಾಗ ಮೂರು ಕಡೆ ಕೂತರು. ಊರುಗೋಲು ಒಯ್ದಿದ್ದು ಒಳ್ಳೆಯದಾಯಿತು. ದೊಡ್ಡ ಬೋಟ್‌ನಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದರು. ಬೆಲ್ಲಾಜಿಯೊದಲ್ಲಿ ಚಿಕ್ಕ ಬೋಟ್ ನೋಡಿ "ನಾನು ಇಲ್ಲೇ ಇರುತ್ತೇನೆ" ಅಂದರು. ಓಡಿಸುವವರು ನಮ್ಮ ಅಮ್ಮನ ವಯಸ್ಸಿನವರು. ಭಾಷೆ ಬಾರದಿದ್ದರೂ ಅರ್ಥವಾಯಿತು ಅನ್ನಿಸುತ್ತದೆ. ಲೈಫ್ ಜಾಕೆಟ್ ತಂದು ತಾವೇ ಕಟ್ಟಿದರು. ಆಮೇಲೆ ಹತ್ತು ನಿಮಿಷ ಅಮ್ಮ ನನ್ನ ಕೈ ಬಿಡಲಿಲ್ಲ. ಬಾಲ್ಬಿಯಾನೆಲ್ಲೊ ಮುಂದೆ ಎಂಜಿನ್ ನಿಂತಾಗ ಕೈ ಬಿಟ್ಟು ಫೋನ್ ತೆಗೆದರು, ಊರಿನಲ್ಲಿರುವ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದರು.

ಒಂದು ವಿಷಯ ಇಲ್ಲಿ ಯಾರೂ ಹೇಳಿರಲಿಲ್ಲ. ಚಿಕ್ಕ ಬೋಟ್‌ನಲ್ಲಿ ಮೂತಿಯ ಕಡೆ ಕೂರಬೇಡಿ, ಬೇರೆ ಬೋಟ್‌ಗಳ ಅಲೆ ಬಂದಾಗ ಅದೇ ಮೇಲೆದ್ದು ಕುಕ್ಕುತ್ತದೆ. ಹಿಂದುಗಡೆ, ಓಡಿಸುವವರ ಹತ್ತಿರ ಕೂತರೆ ಅಲುಗಾಟ ಕಡಿಮೆ. ನಾವು ಅರ್ಧ ದಾರಿಯಲ್ಲಿ ಜಾಗ ಬದಲಿಸಿದೆವು. ಮೇ ಕೊನೆಯಾದರೂ ನೀರಿನ ಮೇಲೆ ಚಳಿ ಇತ್ತು, ಅಮ್ಮನಿಗೆ ಶಾಲು ಬೇಕಾಯಿತು. ಟೋಪಿ ಹಾಕಿದರೆ ದಾರ ಕಟ್ಟಿಕೊಳ್ಳಿ. ಅಪ್ಪನ ಟೋಪಿ ಈಗ ಲೆನ್ನೊದ ನೀರಿನಲ್ಲಿದೆ.